ಬೇಸಗೆಯ ಒಂದು ದಿನ: ಯಾವ ಕಡಲತೀರಕ್ಕೆ ಹೋಗೋಣ?

ಎಪ್ರಿಲ್ ತಿಂಗಳು ಬಂತೆಂದರೆ ಕರಾವಳಿಯ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಮಕ್ಕಳಿಗೆ ಶಾಲೆಯ ರಜೆ. ಘಟ್ಟದ ಮೇಲಿಂದ ಬಂದ ನೆಂಟರು. ಗಲ್ಫ್‌ನಿಂದ ರಜೆಯಲ್ಲಿ ಬಂದ ಮಗ ಅಥವಾ ಅಳಿಯ. ಹಗಲಿಡೀ ಬೆವರು ಸುರಿಸುವ ಸೆಕೆ. ‘ಒಂದು ದಿನ ಕಡಲಿಗೆ ಹೋಗಿ ಬರೋಣ’ ಎಂದು ಯಾರೋ ಒಬ್ಬರು ಹೇಳುತ್ತಾರೆ. ಅಲ್ಲಿಯವರೆಗೆ ಎಲ್ಲರೂ ಒಂದೇ ಮಾತು. ಯಾವ ಕಡಲಿಗೆ ಎಂಬಲ್ಲಿ ಮನೆ ಎರಡಾಗುತ್ತದೆ. ಒಬ್ಬರಿಗೆ ಪಣಂಬೂರು, ಇನ್ನೊಬ್ಬರಿಗೆ ಮಲ್ಪೆ, ಅಜ್ಜಿಗೆ ಉಳ್ಳಾಲದ ದರ್ಗಾಕ್ಕೂ ಹೋದ ಹಾಗಾಗಬೇಕು, ಯುವಕರಿಗೆ ಯಾರೂ ಇಲ್ಲದ ಹೊಸ ಜಾಗ ಬೇಕು.

ನಾವು ಸಾಮಾನ್ಯವಾಗಿ ಕಡಲತೀರವನ್ನು ಆರಿಸುವುದು ಹೊಯಿಗೆ ಎಷ್ಟು ಸ್ವಚ್ಛವಾಗಿದೆ, ಗಾಡಿ ನಿಲ್ಲಿಸಲು ಜಾಗ ಇದೆಯೇ, ಜನಸಂದಣಿ ಎಷ್ಟು ಎಂಬ ಲೆಕ್ಕದಲ್ಲಿ. ಈ ಲೆಕ್ಕ ತಪ್ಪಲ್ಲ. ಆದರೆ ಇದರ ಜೊತೆಗೆ ಇನ್ನೊಂದು ಅಳತೆಗೋಲನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಅದು ಇತಿಹಾಸದ್ದು. ನಮ್ಮ ತೀರದ ಚರಿತ್ರೆಯನ್ನು ಸ್ವಲ್ಪ ಗಮನಿಸಿದರೆ ಒಂದು ಸತ್ಯ ಎದ್ದು ಕಾಣುತ್ತದೆ. ಇಲ್ಲಿ ಹೆಸರಾಂತ ಊರುಗಳೆಲ್ಲ ಹುಟ್ಟಿದ್ದು ಅಳಿವೆಗಳ ಬಳಿ, ಅಂದರೆ ಹೊಳೆ ಕಡಲನ್ನು ಸೇರುವ ಬಾಯಿಯಲ್ಲಿ. ಈಜಲು, ನೀರಾಟವಾಡಲು ಅತ್ಯಂತ ಅಪಾಯಕಾರಿಯಾದ ಜಾಗವೂ ಅದೇ ಅಳಿವೆ. ಹಡಗಿಗೆ ಬಾಗಿಲಾಗಿದ್ದ ಜಾಗ ಮಕ್ಕಳ ಆಟಕ್ಕೆ ಒಗ್ಗುವುದಿಲ್ಲ. ಮಕ್ಕಳು ಆಡಬಹುದಾದ ನೇರವಾದ, ತೆರೆದ ಹೊಯಿಗೆಯ ದಂಡೆಗೆ ಹಡಗುಗಳು ಬರುತ್ತಿರಲಿಲ್ಲ. ಹೀಗಾಗಿ ನೋಡಬೇಕಾದ ತೀರ ಬೇರೆ, ನೀರಿಗಿಳಿಯಬಹುದಾದ ತೀರ ಬೇರೆ. ಈ ವ್ಯತ್ಯಾಸವನ್ನು ತಿಳಿದು ಹೊರಟರೆ ದಿನವೂ ಚೆನ್ನಾಗಿ ಕಳೆಯುತ್ತದೆ, ಹೋದವರೆಲ್ಲ ಕ್ಷೇಮವಾಗಿ ಮರಳುತ್ತಾರೆ.

ಕಡಲು ವಿಹಾರದ ಜಾಗವಾದದ್ದು ಯಾವಾಗ?

ಕಡಲಿಗೆ ‘ಸುಮ್ಮನೆ’ ಹೋಗುವುದು ಮನುಷ್ಯನ ಹಳೆಯ ಅಭ್ಯಾಸವೇನಲ್ಲ. ಯುರೋಪಿನಲ್ಲೂ 18ನೆಯ ಶತಮಾನದವರೆಗೆ ಕಡಲೆಂದರೆ ನಾವಿಕರ ಮತ್ತು ಬೆಸ್ತರ ಪಾಲು, ಉಳಿದವರಿಗೆ ಭಯ. 1750ರಲ್ಲಿ ರಿಚರ್ಡ್ ರಸ್ಸೆಲ್ ಎಂಬ ಇಂಗ್ಲಿಷ್ ವೈದ್ಯರು ಕಡಲ ನೀರಿನಿಂದ ಗ್ರಂಥಿಗಳ ರೋಗ ಗುಣವಾಗುತ್ತದೆ ಎಂದು ಲ್ಯಾಟಿನ್‌ನಲ್ಲಿ ಒಂದು ಪುಸ್ತಕ ಬರೆದರು. ಆ ಬಳಿಕವೇ ಶ್ರೀಮಂತರು ಬ್ರೈಟನ್‌ನಂತಹ ಊರುಗಳಿಗೆ ಔಷಧಿಯೆಂದು ಕಡಲಸ್ನಾನಕ್ಕೆ ಹೊರಟದ್ದು. 1841ರಲ್ಲಿ ಲಂಡನ್ನಿನಿಂದ ಬ್ರೈಟನ್‌ಗೆ ರೈಲು ಬಂತು. 1871ರಲ್ಲಿ ಬ್ಯಾಂಕ್ ರಜಾದಿನಗಳ ಕಾಯಿದೆ ಬಂತು. ಆಗ ಕಾರ್ಖಾನೆಯ ಕೂಲಿಗಳಿಗೂ ಬೆಳಿಗ್ಗೆ ಹೋಗಿ ಸಂಜೆ ಮರಳುವ ಕಡಲ ಪ್ರವಾಸ ಸಾಧ್ಯವಾಯಿತು. ಅಂದರೆ ನಾವಿಂದು ‘ಡೇ ಟ್ರಿಪ್’ ಎನ್ನುವುದು ವೈದ್ಯ, ರೈಲು ಮತ್ತು ರಜೆ ಈ ಮೂರೂ ಸೇರಿ ಹುಟ್ಟಿಸಿದ ವಸ್ತು.

ನಮ್ಮ ಕರಾವಳಿಯಲ್ಲಿ ಇದು ಇನ್ನೂ ತಡವಾಗಿ ಬಂತು. ಒಂದೆರಡು ತಲೆಮಾರುಗಳ ಹಿಂದಿನವರೆಗೆ ಇಲ್ಲಿನ ಹೊಯಿಗೆಯೆಂದರೆ ಕೆಲಸದ ಅಂಗಳ. ಮೊಗವೀರರ ರಂಪಣಿ ಬಲೆಯನ್ನು ದೋಣಿಯಲ್ಲಿ ಕೊಂಡೊಯ್ದು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ದಡದಲ್ಲಿ ನಿಂತ ಹತ್ತಾರು ಜನ ಎರಡೂ ತುದಿಗಳನ್ನು ಎಳೆಯುತ್ತಿದ್ದರು. ಬಂದ ಮೀನಿನಲ್ಲಿ ಎಳೆದವರಿಗೆಲ್ಲ ಪಾಲು. ಬಂಗುಡೆ, ಬೂತಾಯಿ ಒಣಗಿಸುತ್ತಿದ್ದುದು ಅದೇ ಹೊಯಿಗೆಯ ಮೇಲೆ. ಆ ಮೀನನ್ನು ಒಳನಾಡಿಗೆ ಸಾಗಿಸುವ ವ್ಯಾಪಾರದಲ್ಲಿ ಬ್ಯಾರಿಗಳಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ದುಡಿಮೆ ದಡದಿಂದ ಬಂದರಿನ ಧಕ್ಕೆಗೆ ಹೋಯಿತು. ಖಾಲಿಯಾದ ಹೊಯಿಗೆಗೆ ನಿಧಾನವಾಗಿ ಪೇಟೆಯವರು ಬಂದರು. ಹೊಳೆಗಳಿಗೆ ಸೇತುವೆಗಳಾದವು, ಹೆದ್ದಾರಿ ಅಗಲವಾಯಿತು, 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಓಡತೊಡಗಿತು. ‘ಬೀಚ್’ ಎಂಬ ಪದ ಕನ್ನಡದ್ದೇ ಆಗಿಹೋಯಿತು.

ಇದನ್ನು ನೆನಪಿಡಬೇಕಾದದ್ದು ಯಾಕೆಂದರೆ, ನಾವು ಬುತ್ತಿ ಬಿಚ್ಚಿ ಕೂರುವ ಜಾಗ ಇಂದಿಗೂ ಎಷ್ಟೋ ಕಡೆ ಇನ್ನೊಬ್ಬರ ಕಸುಬಿನ ಅಂಗಳ. ಅಲ್ಲಿ ಹರಡಿದ ಬಲೆ ಕಸವಲ್ಲ, ಮಗುಚಿ ಹಾಕಿದ ದೋಣಿ ಮಕ್ಕಳು ಹತ್ತಿ ಕುಣಿಯುವ ಆಟಿಕೆಯಲ್ಲ.

ಅಳಿವೆಯ ಊರುಗಳು

ಕರ್ನಾಟಕದ ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಯ ಬಹುಭಾಗ ನೇರವಾದ ಗೆರೆಯಂತಿದೆ. ಅಲೆಯಿಂದ ಹಡಗಿಗೆ ರಕ್ಷಣೆ ಕೊಡುವ ಕೊಲ್ಲಿಗಳು ಕಡಿಮೆ. ಹಾಗಾಗಿ ಹಿಂದಿನ ಹಡಗುಗಳು ಹೊಳೆಯ ಬಾಯಿಯನ್ನೇ ಹುಡುಕುತ್ತಿದ್ದವು. ನೇತ್ರಾವತಿ ಮತ್ತು ಫಲ್ಗುಣಿ ಸೇರುವಲ್ಲಿ ಮಂಗಳೂರು, ಶಾಂಭವಿಯ ಬಳಿ ಮೂಲ್ಕಿ, ಸೀತಾನದಿಯ ಮೇಲೆ ಬಾರ್ಕೂರು, ಗಂಗೊಳ್ಳಿಯ ಅಳಿವೆಯ ಒಳಗೆ ಬಸ್ರೂರು, ಶರಾವತಿಯಲ್ಲಿ ಹೊನ್ನಾವರ. ಮಳೆಗಾಲದಲ್ಲಿ ಈ ಬಂದರುಗಳು ಮುಚ್ಚುತ್ತಿದ್ದವು. ಮಳೆಗಾಲದ ಕೊನೆಯ ಗಾಳಿಯಲ್ಲಿ ಅರಬ್ ದೇಶಗಳ ಹಡಗು ಬರುವುದು, ಚಳಿಗಾಲದ ಗಾಳಿಯಲ್ಲಿ ಮೆಣಸು, ಶುಂಠಿ, ಅಕ್ಕಿ ತುಂಬಿ ಮರಳುವುದು. ಈ ಪಂಚಾಂಗ ಶತಮಾನಗಳ ಕಾಲ ಹಾಗೆಯೇ ನಡೆಯಿತು.

ಹೀಗೆ ಬಂದವರಲ್ಲಿ ಟ್ಯುನೀಸಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಒಬ್ಬ. 12ನೆಯ ಶತಮಾನದಲ್ಲಿ, 1132ರಿಂದ 1149ರ ಸುಮಾರಿನವರೆಗೆ ಆತ ಮಂಗಳೂರಿನಲ್ಲಿದ್ದು ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿದ. ಅವನ ಪತ್ರಗಳು ಕೈರೋದ ಒಂದು ಸಿನೆಗಾಗ್‌ನಲ್ಲಿ ಸಿಕ್ಕಿದವು. ಅವನ ಪರವಾಗಿ ಸಾಗರದಾಚೆಗೆ ವ್ಯಾಪಾರಕ್ಕೆ ಹೋಗುತ್ತಿದ್ದ ಆಳಿನ ಹೆಸರು ಬೊಮ್ಮ. ಯಹೂದಿ ಯಜಮಾನ, ತುಳುನಾಡಿನ ಬೊಮ್ಮ, ಏಡನ್ನಿನ ಅರಬ್ ಪೇಟೆ - ಈ ಮೂರನ್ನೂ ಒಂದುಗೂಡಿಸಿದ್ದು ನಮ್ಮ ಅಳಿವೆ.

ಇಬ್ನ್ ಬತೂತ 1342ರ ಸುಮಾರಿಗೆ ಈ ದಾರಿಯಲ್ಲಿ ಬಂದರು. ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳಿದ್ದುದನ್ನು ಕಂಡು ಅಚ್ಚರಿಪಟ್ಟರು. ಬಾರ್ಕೂರನ್ನು ಅವರು ಫಾಕನೂರ್ ಎಂದು ಕರೆದಿದ್ದಾರೆ. ಮಂಗಳೂರಿನಲ್ಲಿ ಪಾರಸಿಕ ಮತ್ತು ಯೆಮನ್ ದೇಶದ ವ್ಯಾಪಾರಿಗಳು ಇಳಿಯುತ್ತಿದ್ದರೆಂದೂ, ಊರ ಹೊರವಲಯದಲ್ಲಿ ಸುಮಾರು 4,000 ಮುಸ್ಲಿಮರು ನೆಲೆಸಿದ್ದರೆಂದೂ ಬರೆದರು. ಇನ್ನೊಂದು ಮಾತನ್ನೂ ದಾಖಲಿಸಿದರು. ಊರವರಿಗೂ ಈ ಮುಸ್ಲಿಮರಿಗೂ ಆಗಾಗ ಜಗಳವಾಗುತ್ತಿತ್ತು. ಆಗೆಲ್ಲ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಿದ್ದ, ಏಕೆಂದರೆ ಅವನಿಗೆ ವ್ಯಾಪಾರಿಗಳು ಬೇಕಾಗಿದ್ದರು. ನಮ್ಮ ತೀರದ ಸೌಹಾರ್ದವನ್ನು ನಾವು ಕೆಲವೊಮ್ಮೆ ಸ್ವರ್ಗದಂತೆ ಬಣ್ಣಿಸುತ್ತೇವೆ. ಇಬ್ನ್ ಬತೂತರ ಸಾಕ್ಷ್ಯ ಹೆಚ್ಚು ನಂಬಲರ್ಹ. ಜಗಳ ಇತ್ತು, ಜಗಳವನ್ನು ನಿಲ್ಲಿಸುವ ಅಗತ್ಯವೂ ಇತ್ತು, ನಿಲ್ಲಿಸುವ ಅರಸನೂ ಇದ್ದ.

ಒಂದು ದಿನದ ಪ್ರವಾಸಕ್ಕೆ ಹೊರಡುವವರು ಬೆಳಗಿನ ಒಂದು ಗಂಟೆಯನ್ನು ಮಂಗಳೂರಿನ ಹಳೆ ಬಂದರಿಗೆ ಕೊಡಬೇಕೆಂದು ನಾವು ಹೇಳುವುದು ಇದಕ್ಕಾಗಿಯೇ. ಮಾಲಿಕ್ ದೀನಾರ್‌ರ ಕಾಲದ್ದೆಂದು ಸಂಪ್ರದಾಯ ಹೇಳುವ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳ ನೆನಪು ಹೊತ್ತ ಧಕ್ಕೆ, ಕೆಂಪು ಹೆಂಚಿನ ಗೋದಾಮುಗಳು ಅಲ್ಲಿವೆ. ಅಲ್ಲಿ ನೀರಿಗಿಳಿಯುವಂತಿಲ್ಲ. ಆದರೆ ಬೇರೆಲ್ಲ ತೀರಗಳ ಕಥೆಗೆ ಅದು ಪೀಠಿಕೆ.

ಉಳ್ಳಾಲ ಮತ್ತು ಸೋಮೇಶ್ವರ

ಮಂಗಳೂರಿನಿಂದ ನೇತ್ರಾವತಿಯ ಸೇತುವೆ ದಾಟಿದರೆ ಉಳ್ಳಾಲ. ಪೋರ್ಚುಗೀಸರನ್ನು 16ನೆಯ ಶತಮಾನದಲ್ಲಿ ಎದುರಿಸಿದ ರಾಣಿ ಅಬ್ಬಕ್ಕನ ಊರು. ಈ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರೆಂಬುದು ಇತಿಹಾಸಕಾರರ ಅಭಿಪ್ರಾಯ. ಆಕೆಯ ಪಡೆಯಲ್ಲಿ ಮೊಗವೀರರೂ ಮುಸ್ಲಿಮರೂ ಹೆಗಲಿಗೆ ಹೆಗಲು ಕೊಟ್ಟಿದ್ದರೆಂದು ಜನರ ನೆನಪು ಹೇಳುತ್ತದೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಲ್ಲ, ದಾರಿಯಲ್ಲಿ. ಆಕೆ ಬರಿಗಾಲಲ್ಲಿ, ಕೆಲವೇ ಜನರೊಂದಿಗೆ, ಕಾಲುವೆ ಅಗೆಯುವ ಕೆಲಸ ನೋಡಲು ಹೋಗುತ್ತಿದ್ದಳು. ಪಟ್ಟದ ಆನೆ, ಚಿನ್ನದ ಪಲ್ಲಕ್ಕಿಯ ಚಿತ್ರಗಳಿಗಿಂತ ಈ ಚಿತ್ರ ನಮಗೆ ಹೆಚ್ಚು ಹತ್ತಿರದ್ದು.

ಇಲ್ಲಿಯೇ ಸಯ್ಯಿದ್ ಮುಹಮ್ಮದ್ ಶರೀಫುಲ್ ಮದನಿಯವರ ದರ್ಗಾ ಇದೆ. ಅವರು ಮದೀನಾದಿಂದ ಕಡಲ ಮೇಲೆ ಮುಸಲ್ಲಾ ಹಾಸಿ ತೇಲಿ ಬಂದರೆಂಬುದು ಐತಿಹ್ಯ. ಐದು ವರ್ಷಗಳಿಗೊಮ್ಮೆ ನಡೆಯುವ ಉರೂಸಿಗೆ ಎಲ್ಲ ಸಮುದಾಯದ ಜನ ಬರುತ್ತಾರೆ.

ಆದರೆ ಉಳ್ಳಾಲದ ತೀರ ನೀರಾಟಕ್ಕೆ ತಕ್ಕದ್ದಲ್ಲ. ಅಳಿವೆ ಹತ್ತಿರದಲ್ಲಿದೆ, ದಡ ಕಡಿದಾಗಿದೆ, ಅಲೆ ನೇರವಾಗಿ ಬಂದು ಅಪ್ಪಳಿಸುತ್ತದೆ. ಹಳೆ ಬಂದರಿನ ಅಳಿವೆಗೆ 1990ರ ದಶಕದಲ್ಲಿ ಕಲ್ಲಿನ ತಡೆಗೋಡೆಗಳು ಬಂದ ಬಳಿಕ ದಕ್ಷಿಣದ ಉಳ್ಳಾಲದ ಕಡೆ ಕಡಲ್ಕೊರೆತ ತೀವ್ರವಾಯಿತೆಂಬುದು ಅಲ್ಲಿನವರ ಅನುಭವ. ಇದರ ಹಿಂದಿನ ತತ್ವ ಸರಳ. ಅಲೆಗಳು ಹೊಯಿಗೆಯನ್ನು ದಡದುದ್ದಕ್ಕೂ ಆ ಕಡೆ ಈ ಕಡೆ ಸಾಗಿಸುತ್ತಲೇ ಇರುತ್ತವೆ. ಅಡ್ಡಲಾಗಿ ಗೋಡೆ ಕಟ್ಟಿದರೆ ಒಂದು ಬದಿಗೆ ಹೊಯಿಗೆ ತುಂಬುತ್ತದೆ, ಮತ್ತೊಂದು ಬದಿಗೆ ಬರಬೇಕಾದದ್ದು ಬರುವುದಿಲ್ಲ. ಅಲ್ಲಿ ಕಡಲು ನೆಲವನ್ನೇ ತಿನ್ನತೊಡಗುತ್ತದೆ. ತೆಂಗಿನ ಮರಗಳು, ರಸ್ತೆ, ಮನೆಗಳು ಮಳೆಗಾಲ ಮಳೆಗಾಲಕ್ಕೂ ಕಡಲ ಪಾಲಾದವು. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ 2010ರ ದಶಕದಲ್ಲಿ ಇಲ್ಲಿ ನೀರಡಿಯ ದಿಬ್ಬ, ತಡೆಗೋಡೆಗಳನ್ನು ಕಟ್ಟಲಾಯಿತು. ದಡದಲ್ಲಿ ಸಾಲಾಗಿ ಬಿದ್ದಿರುವ ದೊಡ್ಡ ದೊಡ್ಡ ಕಲ್ಲುಗಳನ್ನು ನೋಡಿ ‘ಇದೆಂಥ ಬೀಚ್, ಹೊಯಿಗೆಯೇ ಇಲ್ಲ’ ಎನ್ನುವ ಮೊದಲು, ಆ ಕಲ್ಲುಗಳ ಹಿಂದೆ ಮಲಗುವ ಮನೆಗಳನ್ನೊಮ್ಮೆ ನೋಡಬೇಕು.

ಇನ್ನೂ ದಕ್ಷಿಣಕ್ಕೆ ಸೋಮೇಶ್ವರ. ಬಂಡೆಯ ಮೇಲೆ ದೇವಾಲಯ, ಕೆಳಗೆ ವಿಶಾಲ ದಂಡೆ. ಸೂರ್ಯಾಸ್ತ ನೋಡಲು ಇದಕ್ಕಿಂತ ಒಳ್ಳೆಯ ಜಾಗ ಹತ್ತಿರದಲ್ಲಿಲ್ಲ. ಆದರೆ ಬಂಡೆಗಳು ಜಾರುತ್ತವೆ. ರುದ್ರಪಾದೆಯ ಬಳಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ನೋಡಿ, ನಡೆದಾಡಿ, ನೀರಿಗಿಳಿಯಬೇಡಿ.

ಸೋಮೇಶ್ವರದ ಹೆಸರು ಹೇಳುವಾಗ ಇನ್ನೊಂದು ಘಟನೆಯನ್ನು ಬಿಟ್ಟುಬಿಡುವಂತಿಲ್ಲ. 2023ರ ಜೂನ್ 1ರಂದು, ಬೇರೆ ಬೇರೆ ಧರ್ಮಗಳ ವಿದ್ಯಾರ್ಥಿ ವಿದ್ಯಾರ್ಥಿನಿಯರು ಜೊತೆಯಾಗಿ ಬಂದಿದ್ದರೆಂಬ ಕಾರಣಕ್ಕೆ ಇಲ್ಲಿ ಯುವಕರ ಮೇಲೆ ಹಲ್ಲೆ ನಡೆಯಿತು. ಪ್ರಕರಣ ದಾಖಲಾಯಿತು, ಬಂಧನಗಳೂ ಆದವು. ಕಾನೂನು ತನ್ನ ಕೆಲಸ ಮಾಡಲಿ. ನಮ್ಮ ಚಿಂತೆ ಬೇರೆ. ಯೆಮನ್ನಿನವನೂ ಕೈರೋದವನೂ ತುಳುವನೂ ಒಂದೇ ಹೊಯಿಗೆಯ ಮೇಲೆ ನಿಂತು ಲೆಕ್ಕ ಬರೆಯುತ್ತಿದ್ದ ತೀರದಲ್ಲಿ, ಒಂದೇ ತರಗತಿಯ ಮಕ್ಕಳು ಜೊತೆಯಾಗಿ ಕೂರಲು ಹೆದರಬೇಕಾದರೆ ನಾವು ಮುಂದೆ ಹೋದೆವೋ ಹಿಂದೆ ಬಂದೆವೋ? ಕಡಲ್ಕೊರೆತಕ್ಕೆ ಕಲ್ಲು ಹಾಕಬಹುದು. ಈ ಕೊರೆತಕ್ಕೆ ಯಾವ ಕಲ್ಲು ಹಾಕುವುದು?

ಪಣಂಬೂರು, ತಣ್ಣೀರುಬಾವಿ

ಮಂಗಳೂರಿನ ಉತ್ತರಕ್ಕೆ ಸುಮಾರು 10 ಕಿಲೋಮೀಟರಿನಲ್ಲಿ ಪಣಂಬೂರು. ಇಂದು ಜಿಲ್ಲೆಯಲ್ಲೇ ಹೆಚ್ಚು ಜನ ಸೇರುವ ತೀರಗಳಲ್ಲಿ ಇದೊಂದು. ಆದರೆ ಇದರ ಚರಿತ್ರೆ ಹಳೆಯದಲ್ಲ. ಹಳೆ ಬಂದರಿನ ಅಳಿವೆ ದೊಡ್ಡ ಹಡಗುಗಳಿಗೆ ಸಾಲದೆ ಹೋದಾಗ, 1960ರ ದಶಕದಲ್ಲಿ ಪಣಂಬೂರಿನಲ್ಲಿ ನೆಲವನ್ನೇ ಅಗೆದು ಒಳಬಂದರು ನಿರ್ಮಿಸುವ ಕೆಲಸ ಆರಂಭವಾಯಿತು. 1974ರ ಮೇ 4ರಂದು ಇದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಣೆಯಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕಡಲೊಳಗೆ 770 ಮೀಟರ್ ಉದ್ದದ ಎರಡು ತಡೆಗೋಡೆಗಳು ಚಾಚಿಕೊಂಡವು. ನಾವು ಮಕ್ಕಳನ್ನು ಕರೆದೊಯ್ಯುವ ಅಗಲವಾದ ದಂಡೆ ಇರುವುದು ದಕ್ಷಿಣದ ಗೋಡೆಯ ಬದಿಯಲ್ಲಿ. ಉತ್ತರದ ಮೀನಕಳಿಯ, ಚಿತ್ರಾಪುರದ ಕಡೆಯಿಂದ ಕೇಳಿಬರುವುದು ಕಡಲ್ಕೊರೆತದ ದೂರು.

ಬಂದರಿಗಾಗಿ ಪಣಂಬೂರು, ಬೈಕಂಪಾಡಿಯ ಗದ್ದೆ, ತೋಟ, ಮನೆಗಳನ್ನು ಬಿಟ್ಟು ಜನ ಎದ್ದು ಹೋದರು. ಕಾಟಿಪಳ್ಳ, ಕೃಷ್ಣಾಪುರದಂತಹ ಪುನರ್ವಸತಿ ಬಡಾವಣೆಗಳು ಹಾಗೆ ಎದ್ದು ಬಂದವರಿಂದ ತುಂಬಿದವು. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲರೂ ಒಟ್ಟಿಗೇ ನೆಲೆ ಕಳೆದುಕೊಂಡರು. ಪಣಂಬೂರಿನಲ್ಲಿ ಗಾಳಿಪಟ ಹಾರಿಸುವ ಮಕ್ಕಳಿಗೆ ದೂರದಲ್ಲಿ ನಿಂತ ಹಡಗುಗಳನ್ನು ತೋರಿಸುವಾಗ, ಆ ಹಡಗು ನಿಂತ ಜಾಗದ ಬದಿಯಲ್ಲೇ ಒಂದು ಊರು ಇತ್ತು ಎಂದೂ ಹೇಳಬೇಕು.

ಕುಟುಂಬದೊಂದಿಗೆ ಹೋಗುವವರಿಗೆ ಪಣಂಬೂರು ಅನುಕೂಲದ ಜಾಗ. ದಂಡೆ ಅಗಲ, ಬಸ್ಸು ಹತ್ತಿರ, ತಿಂಡಿ ಅಂಗಡಿಗಳಿವೆ. ತಡೆಗೋಡೆಯ ಹತ್ತಿರ ಮಾತ್ರ ಸುಳಿಯಬಾರದು. ಗೋಡೆಗೆ ತಾಗಿ ನೀರು ಹಿಂದಕ್ಕೆ ಸೆಳೆಯುತ್ತದೆ.

ಗದ್ದಲ ಬೇಡವೆಂದರೆ ಸ್ವಲ್ಪ ದಕ್ಷಿಣಕ್ಕೆ ತಣ್ಣೀರುಬಾವಿ. ಒಂದು ಕಡೆ ಫಲ್ಗುಣಿ, ಮತ್ತೊಂದು ಕಡೆ ಕಡಲು, ನಡುವೆ ಹೊಯಿಗೆಯ ನಾಲಗೆ. ಉಪ್ಪುನೀರಿನ ನಡುವೆ ಸಿಹಿನೀರಿನ ಬಾವಿ ಹೇಗೆ? ಹೊಯಿಗೆಯಲ್ಲಿ ಇಂಗಿದ ಮಳೆನೀರು ಹಗುರವಾದದ್ದರಿಂದ ಕೆಳಗಿನ ಉಪ್ಪುನೀರಿನ ಮೇಲೆ ತೇಲಿ ನಿಲ್ಲುತ್ತದೆ. ಹದವಾಗಿ ಸೇದಿದರೆ ಸಿಹಿನೀರು, ಅತಿಯಾಗಿ ಸೇದಿದರೆ ಉಪ್ಪು. ನದಿಯ ಆಚೆ ದಡದಲ್ಲಿ ಟಿಪ್ಪು ಸುಲ್ತಾನ್ 1784ರಲ್ಲಿ ಕಪ್ಪು ಕಲ್ಲಿನಲ್ಲಿ ಕಟ್ಟಿಸಿದ ಸುಲ್ತಾನ್ ಬತ್ತೇರಿ ಇದೆ. ಶತ್ರು ಹಡಗು ಹೊಳೆಯೊಳಗೆ ನುಗ್ಗದಂತೆ ಕಾಯಲು ಕಟ್ಟಿದ ಕಾವಲು ಕೊತ್ತಲ ಅದು. ಬತ್ತೇರಿ ನೋಡಿ, ಹೊಳೆ ದಾಟಿ ಕಡಲಿಗೆ ಹೋಗುವುದು ಬಹುಕಾಲದಿಂದ ಮಂಗಳೂರಿಗರ ಅರ್ಧ ದಿನದ ಪ್ರವಾಸ.

ಸಸಿಹಿತ್ಲುವಿನಿಂದ ಕಾಪುವಿನವರೆಗೆ

ಇನ್ನೂ ಉತ್ತರಕ್ಕೆ ಹೋದರೆ ಮೂಲ್ಕಿಯ ಬಳಿ ಸಸಿಹಿತ್ಲು. ಶಾಂಭವಿ ಮತ್ತು ನಂದಿನಿ ಹೊಳೆಗಳು ಜೊತೆಯಾಗಿ ಕಡಲು ಸೇರುವ ತಾಣ. 2016ರಲ್ಲಿ ಇಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಅಲೆಯ ಮೇಲೆ ಹಲಗೆ ಹಿಡಿದು ನಿಲ್ಲುವ ಆಟದಲ್ಲಿ ಸ್ಥಳೀಯ ಯುವಕರು ಹೆಸರು ಮಾಡಿದ್ದಾರೆ. ಅವರಿಗೆ ಅಲೆಯ ಭಾಷೆ ಗೊತ್ತು. ನಮಗೆ ನಿಮಗೆ ಗೊತ್ತಿಲ್ಲ. ಅಳಿವೆ ಇರುವುದರಿಂದ ಇಲ್ಲಿ ದಡದಲ್ಲಿ ಕೂತು ನೋಡುವುದೇ ಸರಿ.

ಮುಂದೆ ಪಡುಬಿದ್ರಿ. 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾದ ‘ಬ್ಲೂ ಫ್ಲ್ಯಾಗ್’ ಎಂಬ ಪ್ರಮಾಣಪತ್ರ 2020ರಲ್ಲಿ ಭಾರತದ ಎಂಟು ತೀರಗಳಿಗೆ ಸಿಕ್ಕಿತು. ಅವುಗಳಲ್ಲಿ ಎರಡು ಕರ್ನಾಟಕದವು, ಹೊನ್ನಾವರದ ಕಾಸರಕೋಡು ಮತ್ತು ನಮ್ಮ ಪಡುಬಿದ್ರಿ. ನೀರಿನ ಶುದ್ಧತೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು, ಅಂಗವಿಕಲರಿಗೆ ದಾರಿ ಇವೆಲ್ಲ ಸೇರಿ 33 ಮಾನದಂಡಗಳು. ಹೆಣ್ಣುಮಕ್ಕಳು, ವೃದ್ಧರು, ಪುಟ್ಟ ಮಕ್ಕಳಿರುವ ಕುಟುಂಬಗಳಿಗೆ ಇವು ಸಣ್ಣ ವಿಷಯಗಳಲ್ಲ. ನಮ್ಮ ತಾಯಂದಿರು ಕಡಲಿಗೆ ಬಂದರೂ ದಿನವಿಡೀ ನೀರು ಕುಡಿಯದೆ ಇರುತ್ತಾರೆ, ಏಕೆಂದರೆ ಹೋಗಲು ಒಂದು ಸರಿಯಾದ ಶೌಚಾಲಯವಿಲ್ಲ. ತೀರವನ್ನು ಆರಿಸುವಾಗ ಗಂಡಸರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಬಂಡೆಯ ಮೇಲೆ ನಿಂತ ಇದು ಕತ್ತಲಲ್ಲಿ ಬರುವ ಹಡಗುಗಳಿಗೆ ‘ಇಲ್ಲಿ ಬಂಡೆಯಿದೆ, ದೂರ ಇರಿ’ ಎಂದು ಎಚ್ಚರಿಸಲು ಕಟ್ಟಿದ್ದು. ದೀಪಸ್ತಂಭ ಇರುವ ಹಲವೆಡೆ ಬಂಡೆಗಳಿರುತ್ತವೆ ಎಂಬ ಸರಳ ಮಾತನ್ನು ಪ್ರವಾಸಿಗರೂ ನೆನಪಿಡಬಹುದು. ಸಂಜೆಯ ನಿಗದಿತ ಹೊತ್ತಿನಲ್ಲಿ ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ಬದಿಗೆ ತೆಂಗಿನ ತೋಟಗಳ ಹಸಿರು, ಇನ್ನೊಂದು ಬದಿಗೆ ಕಡಲಿನ ನೀಲಿ ಕಾಣುತ್ತದೆ.

ಮಲ್ಪೆ ಮತ್ತು ದ್ವೀಪ

ಇಡೀ ದಿನ ಕೈಯಲ್ಲಿದ್ದರೆ ಮಂಗಳೂರಿನಿಂದ ಸುಮಾರು 65 ಕಿಲೋಮೀಟರ್ ದೂರದ ಮಲ್ಪೆ ಒಳ್ಳೆಯ ಆಯ್ಕೆ. ಬೆಳಗ್ಗೆ ಮೀನುಗಾರಿಕಾ ಬಂದರಿನ ಚಟುವಟಿಕೆ ನೋಡಿ, ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗಬಹುದು. 1498ರಲ್ಲಿ ವಾಸ್ಕೋ ಡ ಗಾಮ ತಾಯ್ನಾಡಿಗೆ ಮರಳುವಾಗ ಇಲ್ಲಿ ಶಿಲುಬೆಯ ಕಂಬ ನೆಟ್ಟು ಸಾಂತಾ ಮರಿಯಾ ಎಂದು ಹೆಸರಿಟ್ಟನೆಂದು ಹೇಳಲಾಗುತ್ತದೆ. ಆದರೆ ದ್ವೀಪದ ನಿಜವಾದ ವಯಸ್ಸಿನ ಮುಂದೆ ಗಾಮ ನಿನ್ನೆ ಬಂದವನು. ಅಲ್ಲಿನ ಆರು ಮೂಲೆಯ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಹರಿದ ಲಾವಾ ತಣಿದು ಬಿರುಕು ಬಿಟ್ಟು ಆದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಕಲ್ಲಿನ ಮೇಲೆ ಹೆಸರು ಕೆತ್ತುವವರು ಇದನ್ನು ತಿಳಿದರೆ ಕೈ ತಡೆದಾರು.

ಮಲ್ಪೆಯ ಐತಿಹ್ಯವೂ ಕಡಲಿನದೇ. ದ್ವಾರಕೆಯಿಂದ ಬಂದ ಹಡಗು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದಾಗ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯೊಳಗಿಂದ ಮಧ್ವಾಚಾರ್ಯರಿಗೆ ಉಡುಪಿಯ ಕೃಷ್ಣನ ವಿಗ್ರಹ ದೊರೆಯಿತೆಂದು ನಂಬಿಕೆ. ಮಾಲಿಕ್ ದೀನಾರ್ ಹಡಗಿನಲ್ಲಿ ಬಂದರು, ಉಳ್ಳಾಲದ ಸಯ್ಯಿದ್ ಮದನಿ ಕಡಲ ಮೇಲೆ ತೇಲಿ ಬಂದರು, ಉಡುಪಿಯ ಕೃಷ್ಣನೂ ಹಡಗಿನಲ್ಲೇ ಬಂದ. ಈ ತೀರದವರು ತಮಗೆ ಪವಿತ್ರವಾದದ್ದೆಲ್ಲ ಕಡಲಿನಿಂದ ಬಂತೆಂದು ನಂಬಿದ್ದಾರೆ. ‘ಹೊರಗಿನಿಂದ ಬಂದವರು’ ಎಂಬುದು ಬೈಗುಳವಾಗುವ ಮೊದಲು ನಮ್ಮ ಕರಾವಳಿಯಲ್ಲಿ ಅದು ಗೌರವದ ಮಾತಾಗಿತ್ತು.

ಮಲ್ಪೆಯಿಂದ ಉತ್ತರಕ್ಕೆ ಹೊಯಿಗೆಯ ಪಟ್ಟಿಯಲ್ಲೇ ಸಾಗಿದರೆ ಕೋಡಿ ಬೆಂಗ್ರೆ. ಸೀತಾ ಮತ್ತು ಸುವರ್ಣಾ ಹೊಳೆಗಳು ಕಡಲು ಸೇರುವ ಜಾಗ. ಇಬ್ನ್ ಬತೂತರ ಫಾಕನೂರಿಗೆ ಹಡಗುಗಳು ಒಳಹೋಗುತ್ತಿದ್ದ ಬಾಗಿಲು ಈ ಅಳಿವೆ. ಮರಳುವಾಗ ಬಾರ್ಕೂರಿನ ಪಾಳುಬಿದ್ದ ಕೋಟೆಯನ್ನೂ ನೋಡಬಹುದು.

ದಕ್ಷಿಣದ ದಾರಿ ಹಿಡಿಯುವವರಿಗೆ ಬೇಕಲವಿದೆ. ಇಕ್ಕೇರಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ ಕೋಟೆ, ಕೆಳಗೆ ಸುಂದರ ದಂಡೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡದ್ದೇ ಆಗಿತ್ತು. ಹೋಗುವ ದಾರಿಯಲ್ಲಿ ಚಂದ್ರಗಿರಿಯ ಅಳಿವೆಯ ಬಳಿ ತಳಂಗರೆಯ ಮಾಲಿಕ್ ದೀನಾರ್ ಮಸೀದಿಯೂ ಸಿಗುತ್ತದೆ.

ಹೊರಡುವ ಮೊದಲು

ಕಡಲು ಶಾಂತವಾಗಿ ಕಾಣುವ ಬೇಸಗೆಯಲ್ಲೂ ಜೀವಹಾನಿ ಆಗುತ್ತದೆ. 2022ರ ಎಪ್ರಿಲ್‌ನಲ್ಲಿ ಸೇಂಟ್ ಮೇರಿ ದ್ವೀಪದಲ್ಲಿ ಕೇರಳದಿಂದ ಬಂದಿದ್ದ ಮೂವರು ಕಾಲೇಜು ವಿದ್ಯಾರ್ಥಿಗಳು ಮುಳುಗಿದರು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ಸಮುದ್ರಪಾಲಾದರು. ಘಟ್ಟದ ಮೇಲಿನ ಮಕ್ಕಳು ಕಡಲನ್ನು ಮೊದಲ ಸಲ ಕಂಡಾಗಿನ ಉಲ್ಲಾಸ ನಮಗೆ ಅರ್ಥವಾಗುತ್ತದೆ. ಅವರನ್ನು ಕರೆತರುವ ಹಿರಿಯರಿಗೆ ಕಡಲಿನ ಸ್ವಭಾವ ಗೊತ್ತಿರಬೇಕು.

ದಡಕ್ಕೆ ಬಂದ ನೀರು ಮರಳಲು ಕಿರಿದಾದ ದಾರಿಗಳನ್ನು ಮಾಡಿಕೊಳ್ಳುತ್ತದೆ. ಅಲ್ಲಿ ಅಲೆ ಒಡೆಯುವುದಿಲ್ಲ, ನೀರು ಸಮತಟ್ಟಾಗಿ, ಶಾಂತವಾಗಿ ಕಾಣುತ್ತದೆ. ಅರಿಯದವರು ಅದನ್ನೇ ಸುರಕ್ಷಿತವೆಂದು ಇಳಿಯುತ್ತಾರೆ. ಆ ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ನೇರವಾಗಿ ಈಜದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಆ ಮೇಲೆ ಹೊರಬರಬೇಕು. ಇನ್ನೊಂದು ಅಪಾಯಕ್ಕೆ ಕೇರಳದ ಬೆಸ್ತರು ‘ಕಳ್ಳಕ್ಕಡಲ್’ ಎಂದು ಹೆಸರಿಟ್ಟಿದ್ದಾರೆ. ದೂರದ ದಕ್ಷಿಣ ಸಾಗರದ ಬಿರುಗಾಳಿಯಿಂದ ಎದ್ದ ಉದ್ದನೆಯ ಅಲೆಗಳು, ಇಲ್ಲಿ ಗಾಳಿಯೇ ಇಲ್ಲದಿರುವಾಗ, ಮುಖ್ಯವಾಗಿ ಎಪ್ರಿಲ್-ಮೇ ತಿಂಗಳಲ್ಲಿ ಕಳ್ಳನಂತೆ ಬಂದು ದಡ ಏರುತ್ತವೆ. ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಮುನ್ನಾದಿನ ಅದನ್ನು ನೋಡುವುದು, ತಲುಪಿದ ಮೇಲೆ ಜೀವರಕ್ಷಕರನ್ನೋ ಬಲೆ ಹೆಣೆಯುತ್ತಿರುವ ಮೊಗವೀರರನ್ನೋ ‘ಇವತ್ತು ಕಡಲು ಹೇಗಿದೆ?’ ಎಂದು ಕೇಳುವುದು ಕ್ಷೇಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ. ಕಡಲನ್ನೇ ನಂಬಿದವರು ದಡದಲ್ಲಿರುವಾಗ ನಮಗೇನು ಅವಸರ?

ಒಟ್ಟಿನಲ್ಲಿ ನಮ್ಮ ಸಲಹೆ ಇಷ್ಟು. ಪುಟ್ಟ ಮಕ್ಕಳು, ವೃದ್ಧರು ಜೊತೆಗಿದ್ದರೆ ಬೆಳಗ್ಗೆಯೇ ಪಡುಬಿದ್ರಿಗೆ ಅಥವಾ ಪಣಂಬೂರಿಗೆ ಹೋಗಿ, ಬಿಸಿಲೇರುವ ಮೊದಲು ನೀರಿನಿಂದ ಮೇಲೆ ಬನ್ನಿ. ಚರಿತ್ರೆಯಲ್ಲಿ ಆಸಕ್ತಿ ಇದ್ದರೆ ಬೆಳಗ್ಗೆ ಹಳೆ ಬಂದರು, ಮಧ್ಯಾಹ್ನ ಉಳ್ಳಾಲ, ಸಂಜೆ ಸೋಮೇಶ್ವರದ ಸೂರ್ಯಾಸ್ತ. ಇಡೀ ದಿನ ಇದ್ದರೆ ಮಲ್ಪೆ, ದ್ವೀಪ, ಕೋಡಿ ಬೆಂಗ್ರೆ, ಬಾರ್ಕೂರು. ತಂದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಸಾಧ್ಯವಿದ್ದರೆ ನೆರೆಮನೆಯವರನ್ನೂ ಜೊತೆಗೆ ಕರೆದೊಯ್ಯಿರಿ, ಅವರು ಬೇರೆ ಧರ್ಮದವರಾಗಿದ್ದರೆ ಇನ್ನೂ ಒಳ್ಳೆಯದು. ಏಳು ಶತಮಾನಗಳ ಹಿಂದಿನ ಮಂಗಳೂರಿನ ಅರಸನಿಗೆ ವ್ಯಾಪಾರಿಗಳು ಬೇಕಾಗಿದ್ದುದರಿಂದ ಆತ ಜಗಳ ಬಿಡಿಸಿದ. ಇಂದು ನಮಗೆ ಪರಸ್ಪರರು ಬೇಕೋ ಬೇಡವೋ ಎಂಬುದನ್ನು ಯಾವ ಅರಸನೂ ನಿರ್ಧರಿಸುವುದಿಲ್ಲ. ರಜೆಯ ಒಂದು ದಿನ ಯಾರ ಜೊತೆ ಹೊಯಿಗೆಯ ಮೇಲೆ ಬುತ್ತಿ ಬಿಚ್ಚುತ್ತೇವೆ ಎಂಬುದರಲ್ಲಿ ನಾವೇ ಅದನ್ನು ನಿರ್ಧರಿಸುತ್ತೇವೆ.